ಹಗ್ಗ ಯಾರ ಕೈಲದೆ?

"ದೂರ ನಿಂತ್ಕಳ್ಳಲಾ ಮಾದ! ಮೈಗೆ ನೀರ್ ಉಯ್ಕಂಡ್ ಬಂದಿದ್ದೀಯೋ, ಇಲ್ಲ ಅಂಗೇ ಎದ್ ಬಂದ್ಬುಟ್ಟಿದ್ದೀಯೋ?"

ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರ್ ಮೂರ್ತಿ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಗದರಿದ. ದೊಡ್ಡಮಾದಯ್ಯನ ಮಗಳ ವಯಸ್ಸಿನವನು. ಇವನು ಆ ಮಗಳ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ತೊಟ್ಟಿದ್ದ. ಬೆಳಿಗ್ಗೆ ಸೋಪು ಸವೆಯುವ ಹಾಗೆ ತಿಕ್ಕಿಕೊಂಡು ಮಿಂದಿದ್ದ. ಅವನು ಚರಂಡಿ ಕೆಲಸ ಬಿಟ್ಟ ಮೇಲೆ ಮೂರು ಯುಗಾದಿ ಕಳೆದಿದ್ದವು.

"ನಾತ ನಂದಲ್ಲ ಬುದ್ದಿ," ಅಂದ. "ನಿಮ್ ಆಪೀಸ್ದು."

ಸುಳ್ಳೇನಲ್ಲ. ಸಭಾಂಗಣದ ಪಕ್ಕದ ಮ್ಯಾನ್‌ಹೋಲು ಕಟ್ಟಿಕೊಂಡು, ಕಕ್ಕಸಿನ ನೀರು ಮುಚ್ಚಳದ ಸಂದಿನಿಂದ ಉಕ್ಕಿ ಅಂಗಳಕ್ಕೆ ಹರಿಯುತ್ತಿತ್ತು. ಅಂಗಳದಲ್ಲಿ ಶಾಮಿಯಾನ, ಕೆಂಪು ಕುರ್ಚಿಗಳು. ಮೇಲೆ ಬ್ಯಾನರು: "ಪಿಂಚಣಿ ವಂಚಿತ ಪೌರಕಾರ್ಮಿಕರಿಗೆ ಪುರಸಭೆಯ ಸಂಪೂರ್ಣ ಬೆಂಬಲ." ಅಕ್ಷರಗಳಿಗಿಂತ ಅಧ್ಯಕ್ಷ ಪ್ರಭುಸ್ವಾಮಿ ಕೈಮುಗಿದ ಚಿತ್ರವೇ ದೊಡ್ಡದು.

ಪಿಂಚಣಿ ಹೋದ ಕಥೆ ಇಡೀ ಪೇಟೆಗೆ ಗೊತ್ತು. ಪುರಸಭೆ ದೊಡ್ಡಮಾದಯ್ಯನಂಥ ಪೌರಕಾರ್ಮಿಕರನ್ನು ದನ ಒಪ್ಪಿಸಿದ ಹಾಗೆ ಕಂಟ್ರಾಕ್ಟರನ ಕೈಗೆ ಒಪ್ಪಿಸಿತು. ಅವನು ಪಿಂಚಣಿಗೆ ಕಟ್ಟುತ್ತೇನೆಂದು ತಿಂಗಳು ತಿಂಗಳೂ ಸಂಬಳದಲ್ಲಿ ಮುರಿದುಕೊಂಡ, ಎಲ್ಲೂ ಕಟ್ಟಲಿಲ್ಲ, ಒಂದು ದಿನ ಬೋರ್ಡು ಬಿಚ್ಚಿಕೊಂಡು ಮಾಯವಾದ. ಕೇಳಹೋದರೆ ನೀವು ನಮ್ಮವರೇ ಅಲ್ಲ ಅಂದಿತು ಪುರಸಭೆ. ಈಗ ಚುನಾವಣೆ ಹತ್ತಿರ ಬಂದಿತ್ತು, ಅಧ್ಯಕ್ಷನಿಗೆ ಮರುಕ ಹುಟ್ಟಿತ್ತು. ಪುರಸಭೆಯೇ ತಿಂಗಳಿಗಿಷ್ಟು ಅಂತ ಕೊಡುವ ಠರಾವು ಇವತ್ತಿನ ಸಭೆಗೆ ಬರಲಿತ್ತು. ಸಕ್ಕರೆ ಕಾಯಿಲೆಯಿಂದ ದೊಡ್ಡಮಾದಯ್ಯನ ಹೆಂಡತಿ ಪುಟ್ಟಮಾದಮ್ಮನ ಪಾದ ಕೊಳೆಯತೊಡಗಿತ್ತು. ಆ ಕಾಲು ಉಳಿಯುವುದೂ ಹೋಗುವುದೂ ಆ ಠರಾವಿನ ಮೇಲೆಯೇ ನಿಂತಿತ್ತು.

ಮೂರ್ತಿ ಅವನನ್ನು ಗೋಡೆ ಮರೆಗೆ ಕರೆದ. ದನಿ ಇಳಿಸಿದ.

"ಮೈಸೂರಿಂದ ಸಾಹೇಬ್ರು ಬತ್ತಾವ್ರೆ. ಒಂದೇ ಒಂದ್ಸಲ ಇಳ್ದು ಬುಡ್ಸ್ಬುಡು."

"ಮಿಷಿನ್ನು?"

"ಕೆಟ್ ಕೂತದೆ."

"ಈಗಿನ್ ಐಕ್ಳು?"

"ಆ ಬೇವರ್ಸಿಗಳು ಕಾನೂನ್ ಮಾತಾಡ್ತವೆ ಕಣೋ. ಮನುಷ್ಯರನ್ನ ಇಳಿಸಂಗಿಲ್ವಂತೆ."

"ನಾನು ಮನ್ಸ ಅಲ್ವಾ ಬುದ್ದಿ?"

"ನೀನು ರಿಟೈರಾದೋನು. ನಮ್ ಲೆಕ್ಕದಲ್ಲೇ ಇಲ್ಲ. ಯಾರ್ ಕೇಳ್ತಾರೆ?"

ಅಷ್ಟರಲ್ಲಿ ಪ್ರಭುಸ್ವಾಮಿ ಪಂಚೆಯ ಅಂಚನ್ನು ಎತ್ತಿ ಹಿಡಿದು, ಹರಿಯುವ ನೀರನ್ನು ಕೊಕ್ಕರೆಯ ಹಾಗೆ ದಾಟಿ ಬಂದ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ.

"ಇದೆಲ್ಲ ನಿನಗೋಸ್ಕರ ತಾನೇನಯ್ಯ ಮಾದಯ್ಯ? ಈ ನಾತದಲ್ಲಿ ಸಭೆ ಹೆಂಗ್ ನಡ್ಸಾದು? ಸಭೆ ನಡೀದಿದ್ರೆ ಠರಾವು ಹೆಂಗಾದದು? ಹೋಗ್ಲಿ ಬುಡು, ನಿನ್ ಜನದ ಅನ್ನಕ್ಕೆ ನೀನೇ ಮಣ್ಣ್ ಹಾಕ್ತೀನಿ ಅಂದ್ರೆ ನನ್ದೇನು."

ಮೂರ್ತಿ ಪ್ಯಾಂಟಿನ ಜೇಬಿನಿಂದ ಬ್ರಾಂಡಿಯ ಕ್ವಾರ್ಟರ್ ಬಾಟಲಿ ತೆಗೆದು, ಮುಟ್ಟಿಸಿಕೊಳ್ಳದ ಹಾಗೆ ಇವನ ಅಂಗೈಗೆ ಬಿಟ್ಟ. ಹಿಂದಿನಿಂದಲೂ ನಡೆದುಕೊಂಡು ಬಂದದ್ದೇ. ಗುಂಡಿಗೆ ಇಳಿಯುವವನಿಗೆ ಮೊದಲು ಎಣ್ಣೆ. ಮೂಗು ಸತ್ತರೆ ಮೈ ಇಳಿಯುತ್ತದೆ.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಆಫೀಸಿನವರು ಮಾಡಿದ್ದಲ್ಲ, ಇಳಿಯುವವರು ಮಾಡಿಕೊಂಡದ್ದು. ಸೊಂಟಕ್ಕೆ ಹಗ್ಗ ಬಿಗಿದವನು ಕಾಲು ಒಳಗಿಡುವ ಮುಂಚೆ, "ಹಗ್ಗ ಯಾರ್ ಕೈಲದೆ?" ಅಂತ ಕೂಗಬೇಕು. ಮೇಲಿನವನು ತನ್ನ ಹೆಸರು ಹೇಳಬೇಕು. ಜೊತೆಗಾರ ಚಾಮಯ್ಯ ಇಳಿದ ದಿನವೂ "ನಾನ್ ಕಣ್ಲಾ, ದೇವಯ್ಯ" ಅಂತ ಮೇಲಿನಿಂದ ಉತ್ತರ ಬಂದಿತ್ತು. ಚಾಮಯ್ಯ ಒಳಗಿದ್ದಾಗಲೇ ಅಂದಿನ ಇನ್‌ಸ್ಪೆಕ್ಟರ್ ದೇವಯ್ಯನನ್ನು ಕಾಪಿ ತರಲು ಹೋಟೆಲಿಗೆ ಅಟ್ಟಿದ. ಅವನು ಫ್ಲಾಸ್ಕು ಹಿಡಿದು ಓಡಿ ಬರುವ ಹೊತ್ತಿಗೆ ಹಗ್ಗ ನೆಲದ ಮೇಲೆ ಬಿದ್ದಿತ್ತು, ಒಳಗೆ ಚಾಮಯ್ಯ ಹೆಣವಾಗಿದ್ದ. ಚಾಮಯ್ಯನ ಹೆಂಡತಿ ರಾಮಮ್ಮ, ಬೀದಿ ಗುಡಿಸಿ ಸವೆದವಳು, ಇವತ್ತು ಶಾಮಿಯಾನದ ಕೊನೆಯ ಸಾಲಿನಲ್ಲಿ ಕೂತಿದ್ದಳು. ಅವಳಿಗೂ ಪಿಂಚಣಿ ಇಲ್ಲ.

ದೊಡ್ಡಮಾದಯ್ಯ ಅಂಗಿ ಬಿಚ್ಚಿ, ಶಾಮಿಯಾನದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಹೆಂಡತಿಯ ಮಡಿಲಿಗೆ ಹಾಕಿದ.

"ಬ್ಯಾಡ ಕಣಾ," ಪುಟ್ಟಮಾದಮ್ಮ ಅವನ ಕೈ ಹಿಡಿದಳು. "ಕಾಲ್ ಓದ್ರೆ ಓಗ್ಲಿ. ಒಂದ್ರಲ್ಲೇ ಕುಂಟ್ಕಂಡ್ ಬಾಳ್ತೀನಿ."

"ಸುಮ್ಕಿರು."

ಮೂರ್ತಿ ತರಿಸಿಟ್ಟಿದ್ದ ಹಾರೆ, ಹಗ್ಗ ಎತ್ತಿಕೊಂಡು ಬಂದು ಹಾರೆ ಹಾಕಿ ಮೀಟಿದ. ಮುಚ್ಚಳ ಪಕ್ಕಕ್ಕೆ ಉರುಳಿತು. ಒಳಗಿದ್ದದ್ದು ಅಂಗಳಕ್ಕೆ ಬುಳಬುಳನೆ ಉಕ್ಕಿತು. ಕುರ್ಚಿಗಳಲ್ಲಿ ಕೂತವರೆಲ್ಲ ಕೆಮ್ಮುತ್ತ ಎದ್ದು ನಿಂತರು. ಫೋಟೋದವನು ಗೇಟಿಗೆ ಓಡಿದ. ದೊಡ್ಡಮಾದಯ್ಯ ಬಾಟಲಿಯನ್ನು ಗುಂಡಿಯ ಅಂಚಿಗಿಟ್ಟು, ಹಗ್ಗವನ್ನು ಸೊಂಟಕ್ಕೆ ಬಿಗಿದು, ಅದರ ಇನ್ನೊಂದು ತುದಿಯನ್ನು ಎತ್ತಿ ಹಿಡಿದು ಕೂಗಿದ:

"ಹಗ್ಗ ಯಾರ್ ಕೈಲದೆ?"



"ಪ್ಯೂನ್ ಕರೀತೀನಿ ಇರು," ಮೂರ್ತಿ ಗೊಣಗಿದ.

"ಪ್ಯೂನ್ ಬ್ಯಾಡಿ ಬುದ್ದಿ. ಬ್ಯಾನರಲ್ಲಿ ಬರ್ಸವ್ರಲ್ಲ ಬೆಂಬಲ ಅಂತವ, ಅವ್ರೇ ಇಡೀಲಿ." ದೊಡ್ಡಮಾದಯ್ಯ ಹಗ್ಗದ ತುದಿಯನ್ನು ಪ್ರಭುಸ್ವಾಮಿಯ ಕಡೆ ಚಾಚಿದ. ಹಗ್ಗ ತೊಟ್ಟಿಕ್ಕುತ್ತಿತ್ತು. "ಇಡ್ಕಳಿ. ನಾನ್ ಬರಗಂಟ ಬುಡಂಗಿಲ್ಲ."

ಪ್ರಭುಸ್ವಾಮಿ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ. "ತಲೆ ಕೆಟ್ಟದೇನಲೇ ಬೋಳೀಮಗನೆ? ನಾನ್ ಮುಟ್ಬೇಕಾ ಅದ್ನ?"

ದೊಡ್ಡಮಾದಯ್ಯ ಅವನನ್ನೇ ನೋಡಿದ. ಆಮೇಲೆ ನಿಧಾನವಾಗಿ ಸೊಂಟದ ಗಂಟು ಬಿಚ್ಚಿದ. ಬಿಚ್ಚಿದ ಕುಣಿಕೆಯನ್ನು ಅಗಲ ಮಾಡಿ, ದನದ ಕೊರಳಿಗೆ ಹಿಡಿದ ಹಾಗೆ ಹಿಡಿದ.

"ಅಂಗಾರೆ ನೀವ್ ಇಳೀರಿ. ನಾನ್ ಮೇಲ್ ನಿಂತ್ಕಂಡು ಸಂಪೂರ್ಣ ಬೆಂಬಲ ಕೊಡ್ತೀನಿ." ಬಾಟಲಿಯನ್ನು ಕಾಲಿನಿಂದ ಅವನ ಕಡೆ ಸರಿಸಿದ. "ಮೊದ್ಲು ಇದ್ನ ಕುಡ್ಕಳಿ. ನಾತ ಗೊತ್ತಾಗಕಿಲ್ಲ."

"ಠರಾವು ಹರ್ದ್ ಹಾಕ್ತೀನಿ ಕಣೋ! ಒಬ್ಬೊಬ್ರೂ ತಿರುಪೆ ಎತ್ಬೇಕು, ಹಂಗ್ ಮಾಡ್ತೀನಿ!"

ಕೊನೆಯ ಸಾಲಿನಿಂದ ರಾಮಮ್ಮ ಎದ್ದಳು. ಸೆರಗು ಸಿಕ್ಕಿಸಿ, ಹೇಲುನೀರನ್ನು ತುಳಿದುಕೊಂಡೇ ಬಂದು, ಹಗ್ಗದ ತುದಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಳು.

"ನಾನೂ ಇಡ್ಕಂಡಿವ್ನಿ. ಇಳೀರಿ ಬುದ್ದಿ, ಎದ್ರಬ್ಯಾಡಿ. ನಾನು ಕಾಪಿ ತರಕ್ ಓಗಕಿಲ್ಲ."

ಪುಟ್ಟಮಾದಮ್ಮ ಬ್ಯಾಂಡೇಜಿನ ಕಾಲನ್ನು ಎಳೆದುಕೊಂಡು ಬಂದು ಅವಳ ಹಿಂದೆ ನಿಂತು ಹಗ್ಗಕ್ಕೆ ಕೈಹಾಕಿದಳು. ಬಿಳಿ ಅಂಗಿ ಅವಳ ಹೆಗಲ ಮೇಲಿತ್ತು.

ಗೇಟಿನಲ್ಲಿ ಸಾಹೇಬರ ಕಾರು ಹಾರನ್ ಹೊಡೆಯಿತು. "ಮುಚ್ಚಳ ಹಾಕೋ, ಮಾದಯ್ಯ, ಕಾಲ್ ಹಿಡ್ಕತೀನಿ ಮುಚ್ಚಳ ಹಾಕೋ," ಮೂರ್ತಿ ಬಡಬಡಿಸಿದ. ದೊಡ್ಡಮಾದಯ್ಯ ಕುಣಿಕೆಯನ್ನು ಕೆಳಗೆಸೆದು ಹೋಗಿ, ಪಕ್ಕಕ್ಕೆ ಉರುಳಿದ್ದ ಮುಚ್ಚಳದ ಮೇಲೆ ಕೂತುಕೊಂಡ.

ಹಗ್ಗದ ಕುಣಿಕೆ ಪ್ರಭುಸ್ವಾಮಿಯ ಪಾದದ ಬಳಿ ಬಾಯ್ದೆರೆದು ಬಿದ್ದಿತ್ತು. ಅವನು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ರಾಮಮ್ಮ, ಗುಂಡಿಗೆ ಇಳಿಯುವವನಿಗೆ ಬಿಡುವ ಹಾಗೆ, ಹಗ್ಗವನ್ನು ಅಷ್ಟೇ ಸಡಿಲ ಬಿಟ್ಟಳು.