ಒಂದೇ ಒಂದು ಜೇಡ ಕಂಡರೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕಟ್ಟಿದವರು ನಮ್ಮ ಬಡಗಿಯನ್ನು ನೋಡಿಯೇ ಕಟ್ಟಿರಬೇಕು. ಕೈಯಲ್ಲಿ ಉಳಿ ಹಿಡಿದರೆ ಕೂದಲೆಳೆಯಷ್ಟೂ ತಪ್ಪದ ಮನುಷ್ಯ, ಬಾಯಿ ತೆಗೆದರೆ ಮಾತ್ರ ಅಳತೆ ಅನ್ನುವುದೇ ಇಲ್ಲ. ಸುಮ್ಮನೆ ಜಂಬ ಕೊಚ್ಚಿ ಮರೆತುಬಿಡುವ ಜಾತಿಯಾದರೂ ಆಗಿದ್ದನೇ? ಅದೂ ಇಲ್ಲ. ಆಡಿದ್ದನ್ನು ಮಾಡಿಯೂ ತೀರುತ್ತಿದ್ದ. ಒಮ್ಮೆ ಗಿರಾಕಿಯೊಬ್ಬರಿಗೆ "ಈ ಮೇಜು ಅಲುಗಾಡಿದರೆ ನಾನೇ ಒಡೆದು ಒಲೆಗೆ ಹಾಕ್ತೀನಿ" ಎಂದಿದ್ದ. ಅವರ ಮನೆಯ ನೆಲವೇ ಓರೆ, ಮೇಜು ಅಲುಗಾಡಿತು. ಇವನು ಕೊಡಲಿ ತಂದ. "ಅಯ್ಯೋ ಬೇಡ ಮಾರಾಯ್ರೇ, ಕಾಲಿಗೊಂದು ರಟ್ಟು ಕೊಟ್ಟರೆ ಸಾಕು" ಎಂದು ಅವರು ಕೈ ಹಿಡಿದು ಬೇಡಿಕೊಂಡರೂ ಕೇಳದೆ ಆರು ತುಂಡು ಮಾಡಿ ಬಂದ. ಈ ಕತೆ ನೆಂಟರಿಗೆಲ್ಲ ಗೊತ್ತಿತ್ತು. ಅವನ ಅತ್ತೆಗೂ ಗೊತ್ತಿತ್ತು.

ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವರು. ಎಲ್ಲರ ಬಾಯಲ್ಲೂ ಅವರು ಡ್ರೈವರಮ್ಮ. ಕುಡಿದು ಗಲಾಟೆ ಮಾಡಿದವನನ್ನು ಕಾಲರ್ ಹಿಡಿದು ಇಳಿಸಿದವರು; ಆ ಗಂಟಲೊಂದಿದ್ದರೆ ಬಸ್ಸಿಗೆ ಹಾರ್ನ್ ಯಾಕೆ ಎಂದು ಡಿಪೋದಲ್ಲಿ ನಗುತ್ತಿದ್ದರಂತೆ. ಅಂಥ ಹೆಂಗಸು ಭೂಮಿಯ ಮೇಲೆ ಹೆದರುತ್ತಿದ್ದುದು ಒಂದಕ್ಕೇ, ಜೇಡಕ್ಕೆ. ಜೇಡ ಕಂಡರೆ ಮುಗಿಯಿತು, ಕುರ್ಚಿ ಹತ್ತಿ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆ ಬೇಸಿಗೆಯಲ್ಲಿ ಡ್ರೈವರಮ್ಮ ತಮ್ಮ ಮನೆಯ ಬಾಗಿಲ ಮುಂದೆಯೇ ಮೆಟ್ಟಿಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ನೇರವಾಗಿ ಮಗಳು ತನ್ನ ಮನೆಗೆ ಕರೆತಂದಳು, ಇನ್ನು ಇಲ್ಲೇ ಇದ್ದುಬಿಡಮ್ಮ ಎಂದಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಡ್ರೈವರಮ್ಮ ಊರುಗೋಲು ಕುಟ್ಟಿ ಹೇಳಿದರು.

"ಎಲೆ ಉದುರೋ ತನಕ ಇರ್ತೀನಿ, ಅಷ್ಟೇ. ಆಮೇಲೆ ನಿಮ್ಮನೆ ಜೇಡಗಳ ಸಂತೆ. ಚಳಿ ಶುರುವಾದ್ರೆ ಸಾಕು, ತೋಟದಲ್ಲಿರೋವೆಲ್ಲ ಒಳಗೆ ಬಂದು ಕೂರುತ್ವೆ. ನನ್ನ ಮನೆಯೇ ನಂಗೆ ಮೇಲು."

ಬಡಗಿಗೆ ಇದು ತನ್ನ ಬಾಗಿಲು ಕಿಟಕಿಗಳಿಗೇ ಬೈದ ಹಾಗೆ ಕೇಳಿಸಿತು. ಎದೆ ತಟ್ಟಿಕೊಂಡ. "ಅತ್ತೆ, ನಾನು ಕೂರಿಸಿದ ಬಾಗಿಲಲ್ಲಿ ಗಾಳಿಗೇ ಜಾಗ ಇಲ್ಲ, ಜೇಡಕ್ಕೆಲ್ಲಿಂದ ಬರಬೇಕು? ಈ ಸಲ ಒಂದೇ ಒಂದು ಜೇಡ ಕಂಡರೆ ನಿಮ್ಮ ಪೆಟ್ಟಿಗೆ ನಾನೇ ಹೊತ್ತುಕೊಂಡು ಹೋಗಿ ನಾಲ್ಕನೇ ಮಹಡಿಗೆ ಮುಟ್ಟಿಸ್ತೀನಿ. ಇದು ಮಾತು!"

"ಮಾತು ಅಂದ್ರೆ ಮಾತು," ಎಂದರು ಡ್ರೈವರಮ್ಮ. ಆದರೆ ದನಿ ಎಂದಿನಷ್ಟು ದೊಡ್ಡದಿರಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಅವನನ್ನು ಹಿಡಿದುಕೊಂಡಳು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಹಗಲೆಲ್ಲ ಮುರಿದ ಮೂಳೆಯವರನ್ನೇ ನೋಡುವವಳು. "ರೀ, ಯಾರು ಕೇಳಿದ್ರು ನಿಮ್ಮ ಭಾಷೆನ? ಅಮ್ಮನ ಹಟ ಗೊತ್ತು, ನಿಮ್ಮ ಹಟ ಗೊತ್ತು. ಆಕೆ ಆ ಮೆಟ್ಟಿಲು ಹತ್ತಿ ಇನ್ನೊಂದು ಸಲ ಬಿದ್ರೆ ಎದ್ದೇಳಲ್ಲ. ನೆನಪಿರಲಿ, ಒಂದು ಜೇಡನೂ ಕಾಣಬಾರದು."

ಬಡಗಿ ಕೆಲಸಕ್ಕೆ ನಿಂತ. ಬಾಗಿಲ ಅಡಿಗೆ ದಪ್ಪ ಉಣ್ಣೆಬಟ್ಟೆಯ ಪಟ್ಟಿ ಹೊಡೆದ. ಕಿಟಕಿಗಳ ಸುತ್ತ ರಬ್ಬರು ಕೂರಿಸಿದ. ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ, ಗೋಡೆಯ ಬಿರುಕಿಗೆ ಪುಟ್ಟಿ, ಬಚ್ಚಲ ತೂತಿಗೆ ಮುಚ್ಚಳ. ಅತ್ತೆಯ ಕೋಣೆಯ ಕಿಟಕಿಗಂತೂ ವಿಶೇಷ ಮರ್ಯಾದೆ: ಚೌಕಟ್ಟಿಗೆ ಸ್ಕ್ರೂ ಬಿಗಿದು, ಸ್ಕ್ರೂ ತಲೆಯ ಮೇಲೆ ಪುಟ್ಟಿ ಮೆತ್ತಿ, ಎರಡು ಕೈ ಬಣ್ಣ ಬಳಿದು, ಅದು ಕಿಟಕಿಯೋ ಗೋಡೆಯೋ ತಿಳಿಯದ ಹಾಗೆ ಮಾಡಿದ. ಹಿಂದಕ್ಕೆ ಸರಿದು ನೋಡಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಎಲೆ ಉದುರಲು ಶುರುವಾಯಿತು. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಉಸಿರಾಡಿದರೆ ಬಾಯಲ್ಲಿ ಹೊಗೆ. ಅತ್ತೆಯ ಕೋಣೆ ಬೆಚ್ಚಗಿರಲಿ ಎಂದು ಬಡಗಿ ದಿನಾ ಬೆಳಿಗ್ಗೆ ಹಿತ್ತಿಲ ಶೆಡ್ಡಿನಿಂದ ಒಂದು ಬುಟ್ಟಿ ಮರದ ತುಂಡು, ಚಕ್ಕೆ ತಂದು ಆ ಕೋಣೆಯ ಕಬ್ಬಿಣದ ಒಲೆಯ ಪಕ್ಕ ಇಡುತ್ತಿದ್ದ. ಅಳಿಯನೆಂದರೆ ಹೀಗಿರಬೇಕು ಎಂದು ಪಕ್ಕದ ಮನೆಯವರೂ ಹೊಗಳಿದರು.

ಮೂರನೆಯ ದಿನ ಮೂವರೂ ಕಾಫಿ ಕುಡಿಯುತ್ತ ಕುಳಿತಿದ್ದಾಗ ಬಡಗಿ ತಲೆ ಎತ್ತಿದ. ಡ್ರೈವರಮ್ಮನ ತಲೆಯಿಂದ ಒಂದು ಗೇಣು ಹಿಂದೆ, ಬಿಳಿ ಗೋಡೆಯ ಮೇಲೆ, ಉದ್ದ ಕಾಲಿನ ಕಂದು ಜೇಡವೊಂದು ಯಾರ ಹಂಗೂ ಇಲ್ಲದೆ ಇಳಿದು ಬರುತ್ತಿತ್ತು. ಬಡಗಿ ಎದ್ದವನೇ ಹೋಗಿ ಅದರ ಮೇಲೆ ಅಂಗೈ ಬೋಗುಣಿ ಮಾಡಿ ಒತ್ತಿ ನಿಂತ.

"ಏನ್ ಅಳಿಯಂದ್ರೇ, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದ್ದೀರಾ?"

"ತೇವ ಇದೆಯಾ ಅಂತ ನೋಡ್ತಿದ್ದೆ ಅತ್ತೆ."

"ಇದೆಯಾ?"

"ಇನ್ನೂ... ನೋಡ್ತಿದ್ದೀನಿ."

ಜೇಡ ಅಂಗೈಯೊಳಗೆ ಎಂಟು ಕಾಲಿನಲ್ಲೂ ಕಚಗುಳಿ ಇಡುತ್ತಿತ್ತು. ಡ್ರೈವರಮ್ಮ ಆ ದಿನ ಮೂರು ಸುತ್ತು ಕಾಫಿ ಕುಡಿದರು, ಹಳೆಯ ಡಿಪೋ ಮ್ಯಾನೇಜರನ ಕತೆ ಮೊದಲಿನಿಂದ ಹೇಳಿದರು. ಬಡಗಿ ನಗಬೇಕಾದ ಕಡೆ ಅಳುಮುಖ, ಅಯ್ಯೋ ಅನ್ನಬೇಕಾದ ಕಡೆ ಕಿಸಕ್ಕನೆ ನಗು. ಅವರು ಎದ್ದು ಹೋದ ಮೇಲೆ ಅದನ್ನು ಮೊಳೆ ಹಾಕುವ ತಗಡಿನ ಡಬ್ಬಿಗೆ ತುಂಬಿ ತೋಟಕ್ಕೆ ಬಿಟ್ಟು ಬಂದ. ಅಂದಿನಿಂದ ಆ ಡಬ್ಬಿ ಜೇಬು ಬಿಟ್ಟು ಇಳಿಯಲಿಲ್ಲ. ಮನುಷ್ಯ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ. ಗಾಳಿಗೂ ಜಾಗ ಇಲ್ಲದ ಮನೆಗೆ ಇವು ಎಲ್ಲಿಂದ ಉದುರುತ್ತಿವೆ ಎಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

ಇದರ ನಡುವೆ ಅಡುಗೆಮನೆಯಲ್ಲಿ ಬೇರೆಯೇ ರಾಮಾಯಣ. ಗಾಜಿನ ಲೋಟಗಳು ಮಾಯವಾಗತೊಡಗಿದ್ದವು. ಹನ್ನೆರಡಿದ್ದವು ಹತ್ತಾದವು, ಏಳಾದವು, ಐದಾದವು.

"ರೀ, ಮರ್ಯಾದೆಯಿಂದ ತಂದಿಡಿ," ಎಂದಳು ಹೆಂಡತಿ. "ಶೆಡ್ಡಲ್ಲಿ ವಾರ್ನಿಷ್ ಕಲಸೋಕೆ ನನ್ನ ಲೋಟನೇ ಬೇಕಾ?"

"ನಾನ್ಯಾಕೆ ತಗೊಳ್ಳಲಿ ಕಣೇ? ನಿನ್ನಾಣೆ!"

"ಹಾಗಾದ್ರೆ ಜೇಬು ಯಾಕೆ ಮುಟ್ಟಿ ನೋಡ್ಕೋತಿದ್ದೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜೇಬಿನ ಡಬ್ಬಿಯಲ್ಲಿ ಆಗತಾನೇ ಹಿಡಿದ ಜೇಡ ಪರಪರ ಕೆರೆಯುತ್ತಿತ್ತು. ಬಡಗಿ ಜೋರಾಗಿ ಕೆಮ್ಮುತ್ತ ಹೊರಗೆ ಓಡಿದ. ಡ್ರೈವರಮ್ಮ ಮಾತ್ರ ಈ ಜಗಳದಲ್ಲಿ ತಲೆ ಹಾಕಲಿಲ್ಲ. ಮಗಳ ಪರ ವಹಿಸಿ ಅಳಿಯನಿಗೆ ನಾಲ್ಕು ಮಾತು ಕೇಳಿಸಬಹುದಾದ ಇಂಥ ಅವಕಾಶವನ್ನು ಬಿಟ್ಟುಕೊಡುವ ಹೆಂಗಸೇ ಅಲ್ಲ ಆಕೆ. ಕಣ್ಣ ಕೆಳಗೆ ಕಪ್ಪಾಗಿತ್ತು, ಕೂತಲ್ಲೇ ತೂಕಡಿಸುತ್ತಿದ್ದರು. ಸೊಂಟದ ನೋವು ಇರಬೇಕು ಎಂದುಕೊಂಡರು ಗಂಡಹೆಂಡಿರು.

ಕೊನೆಗೆ ಲೋಟ ಎರಡೇ ಉಳಿದವು. ಬಡಗಿ ಬಟ್ಟಲಲ್ಲಿ ಕಾಫಿ ಕುಡಿದು ಶೆಡ್ಡಿಗೆ ಹೋದ. ಹೆಂಡತಿ ಅಂಗಡಿಗೆ ಹೋದಳು. ಹತ್ತು ಗಂಟೆಯ ಹೊತ್ತಿಗೆ, ಮರೆತುಬಂದ ಪೆನ್ಸಿಲ್ಲಿಗಾಗಿ ಬಡಗಿ ಒಳಗೆ ಕಾಲಿಟ್ಟರೆ ಅತ್ತೆಯ ಕೋಣೆಯಿಂದ ಧಡ್ ಧಡ್ ಸದ್ದು.

"ಅತ್ತೆ? ಬಿದ್ರಾ?"

"ಬರಬೇಡಿ!" ಎಂದಿತು ಒಳಗಿನ ದನಿ. ಒಂದು ಗಳಿಗೆ ಬಿಟ್ಟು, "ಅಯ್ಯೋ ಬನ್ನಿ, ಬಂದ್ಬಿಡಿ, ಬೇಗ ಬನ್ನಿ!"

ಬಾಗಿಲು ನೂಕಿದವನು ಹೊಸ್ತಿಲಲ್ಲೇ ನಿಂತ. ಡ್ರೈವರಮ್ಮ ಕಿಟಕಿಯ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಬೋರಲು ಲೋಟ, ಅದರ ಬಾಯಿಗೆ ಒತ್ತಿ ಹಿಡಿದ ಹಳೆಯ ಬಸ್ ವೇಳಾಪಟ್ಟಿಯ ರಟ್ಟು, ಒಳಗೆ ದಪ್ಪನೆಯ ಜೇಡ. ಇನ್ನೊಂದು ಕೈಯಿಂದ ಕಿಟಕಿಯನ್ನು ಗುದ್ದುತ್ತಿದ್ದರು. ನೆಲದ ಮೇಲೆ, ಮಂಚದ ಆಚೆಬದಿಯ ಗೋಡೆಗುಂಟ, ಒಂಬತ್ತು ಲೋಟ ಬೋರಲು ಬಿದ್ದಿದ್ದವು. ಪ್ರತಿಯೊಂದರಲ್ಲೂ ಒಂದೊಂದು ಜೇಡ, ಟಿಕೆಟು ತಗೊಂಡು ಕೂತವರ ಹಾಗೆ.

"ಏನ್ ಕಿಟಕಿನಪ್ಪಾ ಇದು! ತೆಗೆಯೋಕೇ ಬರಲ್ಲ! ಹೊರಗೆ ಹಾಕೋಣ ಅಂದ್ರೆ ದಾರಿ ಬೇಡ್ವಾ?"

"ಅತ್ತೆ, ಇಷ್ಟು ದಿನ ಇವನ್ನೆಲ್ಲ ಇಲ್ಲೇ ಇಟ್ಕೊಂಡು ಮಲಗ್ತಿದ್ರಾ?"

"ಮಲಗೋದೆಲ್ಲಿ ಬಂತು! ಇವುಗಳ ಮೇಲೆ ಕಣ್ಣಿಟ್ಟು ಕುರ್ಚೀಲಿ ಕೂತಿರ್ತೀನಿ."

"ಚಪ್ಪಲಿ ತಗೊಂಡು ಒಂದು ಬಾರಿಸೋದಲ್ವಾ?"

"ಗೋಡೆ ಮೇಲೆ ಗುರುತು ಉಳಿಯುತ್ತೆ. ನೀವು ಗೋಡೆ ನೋಡೋ ಕಣ್ಣಿನವರು." ಡ್ರೈವರಮ್ಮ ರಟ್ಟನ್ನು ಇನ್ನಷ್ಟು ಒತ್ತಿ ಹಿಡಿದರು. "ನೀವು ಮೇಜು ಒಡೆದ ಮನುಷ್ಯ, ಅಳಿಯಂದ್ರೇ. ಜೇಡ ಇದೆ ಅಂತ ಗೊತ್ತಾದ್ರೆ ಪೆಟ್ಟಿಗೆ ಹೊತ್ತೇ ಬಿಡ್ತೀರಿ. ನಾನು ಬಾಯಿ ಬಿಟ್ಟು ಬೇಡ ಅಂತ ಹೇಗೆ ಹೇಳಲಿ? ನಂಗೆ ಹೋಗೋಕೆ ಇಷ್ಟ ಇಲ್ಲ."

ಬಡಗಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತನ್ನ ಕೈಕೆಲಸದ ಜಂಬಕ್ಕೆ ಆಡಿದ ಮಾತಿಗೆ ಈ ಮುದುಕಿ ತನ್ನ ಜೀವದ ಭಯವನ್ನೇ ಲೋಟದಲ್ಲಿ ಮುಚ್ಚಿ, ಪಕ್ಕದಲ್ಲಿಟ್ಟುಕೊಂಡು ಕಾದಿದ್ದಳು. ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿ ತೋರಿಸಿದ. ಅಂದು ಬೆಳಿಗ್ಗೆ ಹಿಡಿದದ್ದು ಒಳಗೇ ಇತ್ತು.

ಡ್ರೈವರಮ್ಮ ಬೀದಿಗೆಲ್ಲ ಕೇಳುವಂತೆ ಕಿರುಚಿದರು. ಆಮೇಲೆ, "ನೀವೂನಾ?" ಎಂದರು.

"ಹದಿನಾಲ್ಕು ಹಿಡಿದಿದ್ದೀನಿ ಅತ್ತೆ. ನೀವು ಹೋಗಬಾರದು ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕದ್ದು ಡ್ರೈವರಮ್ಮ; ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಲೋಟ ಜಾರದಂತೆ ಬಡಗಿ ಅದನ್ನು ಕೈಗೆ ತೆಗೆದುಕೊಂಡ.

"ಆದ್ರೂ ಇವು ಬರೋದು ಎಲ್ಲಿಂದ?" ಎಂದು ತಲೆ ಕೆರೆದ.

ಡ್ರೈವರಮ್ಮ ಊರುಗೋಲನ್ನು ಒಲೆಯ ಪಕ್ಕದ ಬುಟ್ಟಿಯತ್ತ ಚಾಚಿದರು. ಶೆಡ್ಡಿನ ಮರದ ತುಂಡುಗಳ ನಡುವಿನಿಂದ ಮತ್ತೊಂದು ಜೇಡ ಆರಾಮವಾಗಿ ಇಳಿಯುತ್ತಿತ್ತು.

"ದಿನಾ ಬೆಳಿಗ್ಗೆ ನೀವೇ ಹತ್ತಿಸ್ಕೊಂಡು ಬರ್ತಿದ್ದೀರಿ. ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದ ಹಾಗೆ. ಮೊದಲ ವಾರವೇ ನಂಗೆ ಗೊತ್ತಾಯ್ತು. ಹೇಳಿದ್ರೆ ಜೇಡ ನೋಡಿದ್ದೂ ಹೇಳಬೇಕಲ್ಲ!"

ಬಡಗಿ ಹಣೆ ಚಚ್ಚಿಕೊಂಡ. ಬುಟ್ಟಿಯನ್ನು ಹೊರಗಿಟ್ಟು ಉಳಿ, ಸುತ್ತಿಗೆ ತಂದ. ತಾನೇ ಮೆತ್ತಿದ ಪುಟ್ಟಿ ಒಡೆದ, ತಾನೇ ಬಳಿದ ಬಣ್ಣ ಕೆರೆದ, ಒಂದೊಂದೇ ಸ್ಕ್ರೂ ತಿರುವಿ ತೆಗೆದ. ಇಷ್ಟು ಚೆನ್ನಾಗಿ ಯಾರು ಬಿಗಿದರೋ ಎಂದು ಬೈದುಕೊಂಡ. ಕಿಟಕಿ ತೆರೆದುಕೊಂಡಾಗ ತಣ್ಣನೆಯ ಗಾಳಿ, ಒಣಗಿದ ಎಲೆಯ ವಾಸನೆ ಒಳಗೆ ನುಗ್ಗಿತು. ಹತ್ತು ಲೋಟ, ಒಂದು ಡಬ್ಬಿ ಬರಿದಾದವು. ಡ್ರೈವರಮ್ಮ ಅಷ್ಟು ಹೊತ್ತೂ ಕಾಲು ಮೇಲೆತ್ತಿ ಮಂಚದ ಮೇಲೆ ಕೂತು, "ಹುಷಾರು, ಹುಷಾರು" ಎನ್ನುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಬಂದ ಹೆಂಡತಿ ನೋಡಿದರೆ ಕೋಣೆ ತುಂಬಾ ಪುಟ್ಟಿಯ ಪುಡಿ, ಸಾಲಾಗಿ ಹತ್ತು ಲೋಟ, ಕಿಟಕಿ ಬಟಾಬಯಲು. ನಡೆದದ್ದನ್ನೆಲ್ಲ ಕೇಳಿ ಅವಳು ತಾಯಿಯ ಪಕ್ಕ ಕುಸಿದು ಕೂತಳು.

"ಅಮ್ಮಾ, ಇಷ್ಟು ಹೆದರ್ಕೊಂಡು ಯಾಕೆ ಸುಮ್ಮನಿದ್ದೆ?"

"ಅಲ್ಲಿ ಬಿದ್ದೆನಲ್ಲ, ಕಾಲು ಗಂಟೆಲಿ ಯಾರೋ ಬಂದ್ರು ಅಂತ ನಿಂಗೆ ಹೇಳಿದ್ದೆ. ಸುಳ್ಳು ಕಣೇ. ಬೆಳಿಗ್ಗೆ ಬಿದ್ದೋಳು ಸಂಜೆ ತನಕ ಬಿದ್ದಿದ್ದೆ. ಕೆಳಗಿನ ಮನೆಯವರು ಊರಲ್ಲಿರಲಿಲ್ಲ. ಈ ನನ್ನ ಗಂಟಲು, ಕೂಗಿ ಕೂಗಿ ಸಾಕಾಯ್ತು, ಯಾರಿಗೂ ಕೇಳಿಸಲಿಲ್ಲ. ಇಲ್ಲಿ ಇವತ್ತು ಕಿಟಕಿ ಗುದ್ದಿದ್ದಕ್ಕೆ ಅಳಿಯಂದ್ರು 'ಬಿದ್ರಾ' ಅಂತ ಓಡಿ ಬಂದ್ರು."

ಮಗಳು ತಾಯಿಯ ಕೈ ಹಿಡಿದು ಅತ್ತಳು. ಬಡಗಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಆಮೇಲೆ ಅವನಿಗೆ ತಿಳಿದ ಒಂದೇ ದಾರಿಯಲ್ಲಿ ಮಾತಾಡಿದ.

"ಈ ಕಿಟಕಿಗೆ ಹೊಸ ಚಿಲಕ ಹಾಕ್ತೀನಿ. ಅತ್ತೆ, ಸ್ವಲ್ಪ ಎದ್ದು ನಿಲ್ಲಿ. ಊರುಗೋಲು ಬಿಡದೆ ಕೈ ಎಲ್ಲಿಗೆ ಸಲೀಸಾಗಿ ಎಟುಕುತ್ತೆ, ತೋರಿಸಿ."

ಡ್ರೈವರಮ್ಮ ಎದ್ದು ಕೈ ಚಾಚಿದರು. ಅಲ್ಲಿಗೆ ಬಡಗಿ ಪೆನ್ಸಿಲ್ಲಿನಿಂದ ಗೆರೆ ಎಳೆದ. ಅವರು ಗೆರೆಯನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಗೆರೆಯನ್ನು ನೋಡಿದರು.

"ಇನ್ನೊಂದು ನಾಲ್ಕು ಬೆರಳು ಕೆಳಗೇ ಹಾಕಿ, ಅಳಿಯಂದ್ರೇ. ಇನ್ನು ಮುಂದೆ ನಾನು ಕುಗ್ಗೋದೇ ಹೊರತು ಬೆಳೆಯೋದಿಲ್ಲ."

ಬಡಗಿ ಮೊದಲ ಗೆರೆಯನ್ನು ಹೆಬ್ಬೆರಳಿನಿಂದ ಅಳಿಸಿ, ನಾಲ್ಕು ಬೆರಳು ಅಳೆದು, ಕೆಳಗೆ ಇನ್ನೊಂದು ಎಳೆದ.