ಏಳದ ಚುಕ್ಕಿಗಳು

ಈ ಕಥೆಯನ್ನು ಇಬ್ಬರಿಂದ ಕೇಳಿದ್ದೇನೆ. ಒಬ್ಬರ ಪ್ರಕಾರ ತಪ್ಪು ಮಾಡಿದವಳು ಹೆಂಡತಿ, ಇನ್ನೊಬ್ಬರ ಪ್ರಕಾರ ತಂಗಿ. ತಂಗಿ ಎನ್ನುವ ಪಾಠವೇ ಹೆಚ್ಚು ಪೂರ್ಣವಾಗಿರುವುದರಿಂದ ಅದನ್ನೇ ಇಲ್ಲಿ ಕೊಟ್ಟಿದ್ದೇನೆ.

ಅಣ್ಣನಿಗೆ ಕಣ್ಣು ಕಾಣದು. ಬ್ರೈಲ್ ಮುದ್ರಣಾಲಯಕ್ಕಾಗಿ ಮನೆಯಲ್ಲೇ ಕುಳಿತು ಮಕ್ಕಳ ಪುಸ್ತಕಗಳ ಕರಡು ತಿದ್ದುವುದು ಅವನ ಕೆಲಸ. ಕಂಪ್ಯೂಟರಿನಲ್ಲಿರುವ ಸಾಲು ಅವನ ಮುಂದಿನ ಪುಟ್ಟ ಫಲಕದಲ್ಲಿ ಚುಕ್ಕಿಗಳಾಗಿ ಎದ್ದು ನಿಲ್ಲುತ್ತಿತ್ತು. ಅವನು ಬೆರಳಾಡಿಸಿ ಓದುತ್ತಿದ್ದ. ಕಂಪ್ಯೂಟರಿನ ಮಾತನ್ನು ಫಲಕಕ್ಕೆ ಮುಟ್ಟಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ಬದಲಿಸುವುದಾದರೆ ಫಲಕ ತಯಾರಕರ ಜಾಲತಾಣದಿಂದಲೇ ತರಬೇಕು, ಹಳೆಯದನ್ನು ಮೊದಲು ಜೋಪಾನ ಮಾಡಬೇಕು ಎಂದು ತಂಗಿಗೆ ಹೇಳಿಯೇ ಇದ್ದ. ತಂಗಿ ಅವಸರದವಳು. ಒಂದೇ ಒತ್ತಿಗೆ ಎಲ್ಲ ಡ್ರೈವರುಗಳನ್ನೂ ಹೊಸದಾಗಿಸುತ್ತೇನೆಂದು ಜಂಬ ಕೊಚ್ಚುವ ಯಾವುದೋ ತಂತ್ರಾಂಶ ಕಣ್ಣಿಗೆ ಬಿತ್ತು, ಒತ್ತಿಬಿಟ್ಟಳು.

ಮರುದಿನ ಬೆಳಿಗ್ಗೆ ಅಣ್ಣ ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಬೆರಳೆಳೆದ.

“ಏನೇ ಇದು, ಅಕ್ಷರ ಅರ್ಧರ್ಧ ಸಿಗ್ತಿದೆ! ಸಕ್ಕರೆ ಕಾಯಿಲೆ ಬೆರಳಿಗೆ ಇಳಿದು ಸ್ಪರ್ಶ ಹೋಗುತ್ತೆ ಅಂದಿದ್ರಲ್ಲ ಡಾಕ್ಟ್ರು, ಇಳಿದೇಬಿಡ್ತು ನೋಡು.”

ತಂಗಿ ಬಗ್ಗಿ ನೋಡಿದಳು. ಪ್ರತಿ ಅಕ್ಷರದ ಕೆಳಸಾಲಿನ ಚುಕ್ಕಿಗಳು ಎದ್ದೇ ಇರಲಿಲ್ಲ. ಇದು ತನ್ನದೇ ಕೆಲಸವೆಂದು ಗೊತ್ತಾಯಿತು.

“ಸ್ವಲ್ಪ ಬಿಟ್ಟು ಓದಣ್ಣ. ಬೆರಳು ದಣಿದಿರುತ್ತೆ,” ಎಂದಳು.

ಅವನು ಹೊರಗೆ ಹೋದೊಡನೆ ಹೊಸ ಡ್ರೈವರನ್ನು ಕಿತ್ತಳು. ಪುಣ್ಯಕ್ಕೆ ಕಂಪ್ಯೂಟರು ಹಳೆಯದನ್ನು ತಾನೇ ಉಳಿಸಿಕೊಂಡಿತ್ತು. ಅದನ್ನು ಮರಳಿಸಿದಾಗ ಚುಕ್ಕಿಗಳೆಲ್ಲ ಎದ್ದವು. ಇನ್ನು ಯಾರಿಗೂ ತಿಳಿಯುವುದು ಬೇಡ ಎಂದುಕೊಂಡಳು.

ಸಂಜೆ ಅಣ್ಣ ಬಂದವನೇ ಫಲಕವನ್ನು ಡಬ್ಬದೊಳಗೆ ಇಡತೊಡಗಿದ.

“ನಾಳೆ ಇದನ್ನ ಪ್ರೆಸ್ಸಿಗೆ ವಾಪಸ್ ಕೊಡ್ತೀನಿ. ಕೆಲಸ ಬಿಡ್ತೀನಿ ಅಂತ ಯಜಮಾನರಿಗೆ ಹೇಳಿ ಬಂದೆ.”

“ಒಂದ್ಸಲ ಓದಿ ನೋಡಣ್ಣ!”

ಓದಿದ. ಪ್ರತಿ ಅಕ್ಷರವೂ ಸಿಕ್ಕಿತು. ಅರಳಿದ ಮುಖ ಮತ್ತೆ ಬಾಡಿತು.

“ಇವತ್ತು ಬಂತು, ನಾಳೆ ಹೋಗುತ್ತೆ. ಕೈಕೊಡೋ ಬೆರಳನ್ನ ನಂಬ್ಕೊಂಡು ಮಕ್ಕಳ ಪುಸ್ತಕ ತಿದ್ದಲಾ?”

“ಬೆರಳು ಸರಿಯಾಗೇ ಇದೆ ಅಣ್ಣ. ಡ್ರೈವರ್ ಕೆಡಿಸಿದ್ದು ನಾನು. ಬೆಳಿಗ್ಗೆನೇ ಕಣ್ಣಾರೆ ನೋಡಿದೆ... ಹೇಳಲಿಲ್ಲ.”

ಅಣ್ಣ ಫಲಕದಿಂದ ಕೈ ತೆಗೆದ.

“ಇಡೀ ದಿನ ಬೆರಳನ್ನ ಕಚ್ಚಿ ಕಚ್ಚಿ ನೋಡ್ಕೊಂಡೆ ಕಣೇ,” ಎಂದ. ಆಮೇಲೆ ಫೋನನ್ನು ಅವಳತ್ತ ಸರಿಸಿದ. “ಯಜಮಾನರಿಗೆ ನೀನೇ ಹೇಳು.”

ಹೇಳಿದಳು. ಕೆಲಸವೇನೋ ಉಳಿಯಿತು. ಆದರೆ ಮುಂದೆ ಅಕ್ಷರವೊಂದರ ಮೇಲೆ ಬೆರಳು ತಡವರಿಸಿದಾಗಲೆಲ್ಲ ಅಣ್ಣ ಅವಳನ್ನು ಕೂಗಿ, “ಚುಕ್ಕಿ ಎದ್ದಿದೆಯೇನೇ?” ಎಂದು ಕೇಳುತ್ತಿದ್ದ. “ಎದ್ದಿದೆ ಅಣ್ಣ,” ಎಂದು ಅವಳು ಹೇಳಿದ ಮೇಲೆ, ಪಕ್ಕದ ಮನೆಯವರನ್ನೂ ಕರೆದು ಕೇಳುತ್ತಿದ್ದ.