ಮೇ ತಿಂಗಳಲ್ಲಿ ಓಕ್ ಮರಕ್ಕೆ ಗರಗಸ

ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಹಿತ್ತಲಲ್ಲಿ ರೂಬಾರ್ಬ್ ದಂಟು ಕೀಳುತ್ತಿದ್ದ ಆರ್ಡಿಸ್ ಗರಗಸದ ಯಂತ್ರದ ಸದ್ದು ಕೇಳಿ ತಟ್ಟನೆ ಎದ್ದು ನಿಂತರು. ಸದ್ದು ಪಕ್ಕದ ಡ್ವೇನ್ ಮನೆಯ ಕಡೆಯಿಂದ. ಅಲ್ಲಿರುವುದು ಒಂದೇ ದೊಡ್ಡ ಮರ, ಓಕ್. ಆರ್ಡಿಸ್ ದಂಟುಗಳನ್ನು ಅಲ್ಲೇ ಎಸೆದು, ಕೆಸರು ಬೂಟಿನಲ್ಲೇ ಹುಲ್ಲುಹಾಸು ದಾಟಿ ಓಡಿದರು. ಅರವತ್ತೆಂಟು ವರ್ಷದ ಹೆಂಗಸು ಹಾಗೆ ಓಡಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ.

"ಇಳಿ ಕೆಳಗೆ! ಡ್ವೇನ್, ಮೊದಲು ಇಳಿ ಅಂದೆ!"

ಡ್ವೇನ್ ಏಣಿಯ ಮೇಲೆಯೇ ಯಂತ್ರ ನಿಲ್ಲಿಸಿದ. ತೊಡೆ ಗಾತ್ರದ ಒಂದು ಕೊಂಬೆ ಆಗಲೇ ನೆಲಕ್ಕೆ ಬಿದ್ದಿತ್ತು.

"ಏನಾಯ್ತು? ಯಾರ ತಲೆ ಮೇಲಾದ್ರೂ ಬಿತ್ತಾ?"

"ಬಿದ್ದಿದ್ರೆ ಚೆನ್ನಾಗಿತ್ತು! ಮೇ ತಿಂಗಳಲ್ಲಿ ಓಕ್ ಮರಕ್ಕೆ ಗರಗಸ ಇಡ್ತಾರೇನೋ? ಬುದ್ಧಿ ಎಲ್ಲಿಟ್ಟಿದ್ದೀಯ?"

"ಎರಡು ಕೊಂಬೆ ಅಷ್ಟೇ. ಮುಂದಿನ ಶನಿವಾರ ನಮ್ಮ ಮಗಳು ಕೇಲೀನ್ ಹೈಸ್ಕೂಲು ಮುಗಿಸಿದ್ದಕ್ಕೆ ಊಟ. ನೂರಿಪ್ಪತ್ತು ಜನ ಬರ್ತಾರೆ. ಟೆಂಟು ಇದರಡಿ ಹಿಡಿಸ್ತಾ ಇಲ್ಲ. ನನ್ನ ಮರ, ನನ್ನ ಗರಗಸ. ನಿಮಗೇನು ಕಷ್ಟ?"

"ಮರ ನಿನ್ನದು ಕಣಯ್ಯಾ, ಬೇರು? ನಿನ್ನ ಮರದ ಬೇರು, ನನ್ನ ಹಿತ್ತಲ ಓಕ್ ಬೇರು ನೆಲದಡಿ ಒಂದಕ್ಕೊಂದು ಬೆಸೆದುಕೊಂಡಿರುತ್ತೆ. ನಿನ್ನದಕ್ಕೆ ರೋಗ ಹತ್ತಿದ್ರೆ ಬೇರಿಂದ ಬೇರಿಗೆ ದಾಟಿ ನನ್ನದೂ ಸಾಯುತ್ತೆ. ನನಗೆ ಉಳಿದಿರೋದೇ ಅದೊಂದು!"

ಹೌದು, ಅದೊಂದೇ. ಎರಡು ವರ್ಷದ ಹಿಂದೆ ಆರ್ಡಿಸ್ ಮನೆಯ ಮುಂದೆಯೂ ಓಕ್ ಇತ್ತು. ಜೂನ್ ಬಿರುಗಾಳಿಯ ಮರುದಿನ ಯಾರೋ ಇಬ್ಬರು ಟ್ರಕ್ಕಿನಲ್ಲಿ ಬಂದು ಬಾಗಿಲು ತಟ್ಟಿದರು. 'ಕೊಂಬೆ ಸೂರಿನ ಮೇಲೆ ಬೀಳುತ್ತೆ, ಈಗಲೇ ಸವರಿಸಿಬಿಡಿ' ಎಂದು ಹೆದರಿಸಿದರು. ಆರ್ಡಿಸ್ ಹೂಂ ಅಂದುಬಿಟ್ಟರು. ಜುಲೈ ಕೊನೆಗೆ ಮರದ ತುದಿಯ ಎಲೆಗಳು ಅಂಚಿನಿಂದ ಕಂದಾದವು. ನಡುಬೇಸಿಗೆಯಲ್ಲಿ ಎಲೆ ಉದುರಿ ಅಂಗಳ ತುಂಬಿತು. ಆಗಸ್ಟ್ ಮುಗಿಯುವಷ್ಟರಲ್ಲಿ ಮರ ಸತ್ತೇಹೋಗಿ ಕಡಿಸಬೇಕಾಯಿತು; ದೂರವಿದ್ದ ಹಿತ್ತಲ ಮರ ಮಾತ್ರ ಉಳಿಯಿತು. ಆ ಇಬ್ಬರ ಪತ್ತೆಯೇ ಇಲ್ಲ. ಅವರ ನೆನಪಾದರೆ ಆರ್ಡಿಸ್‌ಗೆ ಇವತ್ತಿಗೂ ಮೈ ಉರಿಯುತ್ತದೆ, ಹೂಂ ಅಂದ ತಮ್ಮ ಬಾಯಿಯ ಮೇಲೂ ಅಷ್ಟೇ ಸಿಟ್ಟು. ಆ ಸಿಟ್ಟಿನಲ್ಲೇ ಮರ ನೋಡಿಕೊಳ್ಳುವ ತರಬೇತಿಗೆ ಸೇರಿ, ಒಂದು ಚಳಿಗಾಲ ಪೂರ್ತಿ ಕೂತು ಕಲಿತರು.

"ರೋಗ ಗರಗಸದಿಂದ ಬರುತ್ತಾ?" ಡ್ವೇನ್ ನಕ್ಕ. "ಚೆನ್ನಾಗಿ ಒರೆಸಿದ್ದೀನಿ ಬಿಡಿ."

"ಗಾಯದಿಂದ ಬರುತ್ತೆ! ಏಪ್ರಿಲ್‌ನಿಂದ ಜುಲೈವರೆಗೆ ಹಸಿ ಗಾಯದ ವಾಸನೆಗೆ ಒಂದು ಪುಟ್ಟ ಹುಳ ಹಾರಿ ಬರುತ್ತೆ. ಸತ್ತ ಮರದ ಬೂಷ್ಟನ್ನ ಮೈಗೆ ಮೆತ್ತಿಕೊಂಡು ಬಂದು ಇಲ್ಲಿ ಕೂರುತ್ತೆ. ಇದು ಕೆಂಪು ಓಕ್, ಹತ್ತಿದ್ಮೇಲೆ ಉಳಿಸೋಕಾಗಲ್ಲ. ಮಾತು ಸಾಕು, ಬಣ್ಣ ತಾ!"

"ಬಣ್ಣಾನಾ? ಹೋದ ವರ್ಷ ನಮ್ಮ ಸೇಬಿನ ಮರದ ಗಾಯಕ್ಕೆ ಬಣ್ಣ ಬಳೀತಿದ್ದಾಗ ಬಂದು ಬೈದಿದ್ದು ಯಾರು? ಮರ ತಾನೇ ಮಾಯಿಸಿಕೊಳ್ಳುತ್ತೆ, ಹಚ್ಚಬೇಡ ಅಂದಿದ್ದು ನೀವಲ್ವಾ? ಒಂದು ಮಾತಿನ ಮೇಲೆ ನಿಲ್ಲಿ ಆರ್ಡಿಸ್!"

"ಸೇಬಿಗೆ ಬೇಡ. ಓಕ್‌ಗೆ ಈ ತಿಂಗಳುಗಳಲ್ಲಿ ಗಾಯವಾದ್ರೆ ಬೇಕೇ ಬೇಕು, ಹುಳ ಕೂರಬಾರದು ಅಂತ. ನಾಳೆ ಅಲ್ಲ, ಮಧ್ಯಾಹ್ನ ಅಲ್ಲ, ಈಗ!"

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಡ್ವೇನ್ ಹೆಂಡತಿ ಜೋಲೀನ್ ಎಲ್ಲ ಕೇಳಿಸಿಕೊಂಡಿದ್ದಳು. "ಅವರ ಮರ ಹೇಗೆ ಹೋಯ್ತು ಅಂತ ನಾವೇ ಕಣ್ಣಾರೆ ನೋಡಿಲ್ವಾ? ಹಟ ಬಿಡು" ಎಂದವಳೇ ಗ್ಯಾರೇಜಿನಿಂದ ಬಿಳಿ ಬಣ್ಣದ ಡಬ್ಬಿ ತಂದು, ಏಣಿಯಿಂದ ಇಳಿದ ಗಂಡನ ಕೈಗಿಟ್ಟಳು.

ಡ್ವೇನ್ ಗೊಣಗುತ್ತಲೇ ಏಣಿ ಹತ್ತಿದ. ಹತ್ತಿದವನು ಗಾಯದ ಹತ್ತಿರ ಬಗ್ಗಿ ನೋಡಿದ.

"ಆರ್ಡಿಸ್, ಇಲ್ಲಿ ಆಗ್ಲೇ ಎರಡು ಕೂತಿವೆ."

ಕೊಂಬೆ ಬಿದ್ದು ಕಾಲು ಗಂಟೆಯೂ ಆಗಿರಲಿಲ್ಲ. ಗೋಧಿ ಕಾಳಿಗಿಂತ ಚಿಕ್ಕ ಕಪ್ಪು ಹುಳಗಳು. ಡ್ವೇನ್ ಅವನ್ನು ಹೊಸಕಿ ತೆಗೆದು, ಒಂದಿಂಚೂ ಬಿಡದೆ ಬಣ್ಣ ಬಳಿದ. ಕೆಳಗಿಳಿದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಇವು ರೋಗ ತಂದಿದ್ರೆ?"

"ಎಲ್ಲ ಹುಳಾನೂ ತರಲ್ಲ. ತಂದಿವೆಯೋ ಇಲ್ವೋ ಆಗಸ್ಟ್‌ನಲ್ಲಿ ಗೊತ್ತಾಗುತ್ತೆ. ಅಲ್ಲಿವರೆಗೆ ನೀನೂ ನಿದ್ದೆಗೆಡು, ನಾನೂ ನಿದ್ದೆಗೆಡ್ತೀನಿ."

"ಟೆಂಟು ಎಲ್ಲಿ ಹಾಕ್ಲಿ ಈಗ?"

"ನನ್ನ ಮನೆ ಮುಂದೆ ಹಾಕು" ಎಂದರು ಆರ್ಡಿಸ್. "ಅಲ್ಲಿ ಅಡ್ಡ ಬರೋಕೆ ಮರವೇ ಇಲ್ವಲ್ಲ!"

ಊಟ ಅಲ್ಲೇ ಆಯಿತು. ಡ್ವೇನ್ ಬೇಸಿಗೆಯಿಡೀ ಬೆಳಿಗ್ಗೆ ಎದ್ದ ಕೂಡಲೇ ಕತ್ತೆತ್ತಿ ಎಲೆ ನೋಡಿದ. ಆಗಸ್ಟ್ ಕಳೆಯಿತು, ಎರಡೂ ಮರ ಹಸಿರಾಗೇ ಇದ್ದವು. ಇನ್ನೊಂದು ಕೊಂಬೆಯನ್ನು ಅವನು ಜನವರಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ ನಿಂತು ಕಡಿದ. ಕಡಿಯುವ ಮುಂಚೆ ಆರ್ಡಿಸ್ ಮನೆಗೆ ಹೋಗಿ ಕೇಳಿದ್ದ.

ನೀವೂ ಕೇಳಿ. ನಿಮ್ಮ ಅಂಗಳದಲ್ಲಿ ಓಕ್ ಇದ್ದರೆ ಏಪ್ರಿಲ್‌ನಿಂದ ಜುಲೈವರೆಗೆ ಗರಗಸ ಮುಟ್ಟಬೇಡಿ. ಕೊಂಬೆ ಸವರುವುದಿದ್ದರೆ ಚಳಿಗಾಲಕ್ಕೆ ಕಾಯಿರಿ. ಗಾಳಿಗೆ ಮುರಿದರೆ ಆ ಕ್ಷಣವೇ ಗಾಯಕ್ಕೆ ಬಣ್ಣ ಬಳಿಯಿರಿ. ಬಿರುಗಾಳಿಯ ಮರುದಿನ ಬಾಗಿಲು ತಟ್ಟಿ ಹೆದರಿಸುವವರಿಗೆ ಹೂಂ ಅನ್ನಬೇಡಿ, ತಿಳಿದವರನ್ನು ಕರೆಸಿ. ಪಕ್ಕದ ಮನೆಯಲ್ಲಿ ಮೇ ತಿಂಗಳಲ್ಲಿ ಗರಗಸದ ಸದ್ದು ಕೇಳಿದರೆ, ನಮಗೇಕೆ ಎಂದು ಸುಮ್ಮನೆ ಕೂರಬೇಡಿ. ಎದ್ದು ಓಡಿ, ಕೂಗಿ, ಜಗಳವಾಡಿ. ಮುನಿಸಿಕೊಂಡ ನೆರೆಯವರು ನಾಲ್ಕು ದಿನಕ್ಕೆ ಮತ್ತೆ ಮಾತಾಡುತ್ತಾರೆ, ಸತ್ತ ಮರ ಮತ್ತೆ ಚಿಗುರುವುದಿಲ್ಲ.